ಸಂಸದರ ಕಚೇರಿಯ ಕೆಲಸ ಹಿಡಿದರೆ ಹಣಕಾಸು ಇಲಾಖೆಯ ಬಾಗಿಲು ತೆರೆಯುತ್ತದೆಯೇ?

ಪ್ರಶ್ನೆ: ನನಗೆ 24 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ, ಶೇ 62 ಅಂಕ ಬಂದಿದೆ. ಬಜೆಟ್, ತೆರಿಗೆ, ರಾಜ್ಯಗಳಿಗೆ ಹಣ ಹಂಚುವ ವಿಚಾರ ನನಗೆ ಬಹಳ ಇಷ್ಟ. ಸರ್ಕಾರದಲ್ಲಿ ಹಣಕಾಸು ನೀತಿ ರೂಪಿಸುವ ಅಧಿಕಾರಿಯಾಗಬೇಕು ಎಂಬ ಆಸೆ. ಈಗ ಸಂಸದರೊಬ್ಬರ ಕಚೇರಿಯಲ್ಲಿ ಸಹಾಯಕಿಯ ಕೆಲಸಕ್ಕೆ ಕರೆದಿದ್ದಾರೆ, ತಿಂಗಳಿಗೆ 22,000 ಕೊಡುತ್ತಾರಂತೆ. ಅಮೆರಿಕದಲ್ಲಿ ಜನಪ್ರತಿನಿಧಿಗಳ ಬಳಿ ಕೆಲಸ ಮಾಡಿದವರೇ ಮುಂದೆ ಖಜಾನೆ ಇಲಾಖೆಯ ದೊಡ್ಡ ಹುದ್ದೆಗೆ ಹೋಗುತ್ತಾರೆಂದು ಓದಿದ್ದೆ. ಅಪ್ಪ ‘ರಾಜಕಾರಣಿ ಹತ್ತಿರ ಕೆಲಸ ಮಾಡಿದರೆ ನಾಳೆ ಸರ್ಕಾರಿ ಕೆಲಸಕ್ಕೆ ಅಡ್ಡ ಬರುತ್ತೆ, ಸುಮ್ಮನೆ ಕೆಎಎಸ್‌ಗೆ ಓದು’ ಅನ್ನುತ್ತಾರೆ. ಅಲ್ಲಿಗೆ ಸೇರಿದರೆ ನನ್ನ ಗುರಿಗೆ ಹತ್ತಿರವಾಗುತ್ತೇನೆಯೇ, ದೂರವಾಗುತ್ತೇನೆಯೇ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂಬುದೂ ಒಂದು ಭಯ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದೇ ಗಂಟಿನಲ್ಲಿವೆ. ಸಂಸದರ ಕಚೇರಿಯ ಕೆಲಸದಿಂದ ಹಣಕಾಸು ನೀತಿಯ ಹುದ್ದೆ ಸಿಗುತ್ತದೆಯೇ ಎಂಬುದು ಮೊದಲನೆಯದು. ಆ ಕೆಲಸದಿಂದ ಹಣಕಾಸು ನೀತಿ ಕಲಿಯಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನ ಉತ್ತರ ಇಲ್ಲ. ಎರಡನೆಯದಕ್ಕೆ ಹೌದು, ಆದರೆ ಕೆಲವು ಷರತ್ತುಗಳ ಮೇಲೆ. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ನಿಮ್ಮ ನಿರ್ಧಾರ ಅರ್ಧ ಆದಂತೆ.

ಅಮೆರಿಕದ ಮಾತು ಮೊದಲು ಮುಗಿಸಿಬಿಡೋಣ. ನೀವು ಓದಿದ್ದು ಸುಳ್ಳಲ್ಲ. ಅಲ್ಲಿನ ಕೆಳಮನೆಯ ಒಬ್ಬ ಸದಸ್ಯ ಸರ್ಕಾರದ ದುಡ್ಡಿನಲ್ಲೇ 18 ಮಂದಿ ಕಾಯಂ ಸಿಬ್ಬಂದಿ ಇಟ್ಟುಕೊಳ್ಳಬಹುದು. ತೆರಿಗೆಗೆ, ಬ್ಯಾಂಕಿಂಗ್‌ಗೆ, ಆರೋಗ್ಯಕ್ಕೆ ಎಂದು ಒಬ್ಬೊಬ್ಬರು ಇರುತ್ತಾರೆ. ಸಮಿತಿಗಳಿಗೂ ತಮ್ಮದೇ ಪರಿಣತರಿದ್ದಾರೆ, 1974ರ ಕಾಯ್ದೆಯಿಂದ ಹುಟ್ಟಿದ ಸಂಸತ್ತಿನದೇ ಬಜೆಟ್ ಕಚೇರಿಯೂ ಇದೆ. ಅಧ್ಯಕ್ಷರು ಬದಲಾದಾಗ ಖಜಾನೆ ಇಲಾಖೆಯ ಮೇಲ್ಮಟ್ಟದ ಹುದ್ದೆಗಳಿಗೆ ಹೊರಗಿನವರನ್ನು ನೇಮಿಸುವ ಪದ್ಧತಿಯೂ ಇರುವುದರಿಂದ, ಸಂಸತ್ ಭವನದಲ್ಲಿ ಹತ್ತು ವರ್ಷ ತೆರಿಗೆ ಮಸೂದೆ ತಿದ್ದಿದವರು ಇಲಾಖೆಯ ಒಳಗೆ ಹೋಗುವುದು ಅಲ್ಲಿ ಸಹಜ.

ನಮ್ಮ ಕಟ್ಟಡದ ಪಾಯವೇ ಬೇರೆ. ಇಲ್ಲಿ ಸಂಸದರಿಗೆ ಕಚೇರಿ ವೆಚ್ಚದ ಭತ್ಯೆ ಎಂದು ತಿಂಗಳಿಗೆ 75,000 ರೂಪಾಯಿ ಬರುತ್ತದೆ. 2025ರ ಪರಿಷ್ಕರಣೆಯ ನಂತರದ ಲೆಕ್ಕ ಇದು. ಅದರಲ್ಲಿ 50,000 ಸಹಾಯಕರ ಸಂಬಳಕ್ಕೆ, ಉಳಿದದ್ದು ಕಾಗದಪತ್ರ ಅಂಚೆಗೆ. ಆ 50,000ದಲ್ಲೇ ದೆಹಲಿಯಲ್ಲಿ ಒಬ್ಬರು, ಕ್ಷೇತ್ರದಲ್ಲಿ ಒಬ್ಬರು ಎಂದು ಹಂಚುತ್ತಾರೆ. ನಿಮಗೆ ಹೇಳಿದ 22,000 ಎಲ್ಲಿಂದ ಬಂತು ಎಂಬುದಕ್ಕೆ ಇದೇ ವಿವರಣೆ. ಅದು ಸರ್ಕಾರಿ ಹುದ್ದೆಯಲ್ಲ, ಸಂಸದರ ನಂಬಿಕೆಯ ಮೇಲೆ ನಿಂತ ಕೆಲಸ. ಅವರು ಸೋತರೆ, ಟಿಕೆಟ್ ತಪ್ಪಿದರೆ, ಮನಸ್ಸು ಬದಲಾದರೆ ಅವತ್ತಿಗೇ ಮುಗಿಯಿತು.

ಮುಂದೆ ಕಾಯಂ ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ವಿಷಯವನ್ನು ಇತ್ಯರ್ಥ ಮಾಡಿದ್ದು ನಮ್ಮದೇ ರಾಜ್ಯದ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿ ಮೇಲೆ ದುಡಿದವರು ಕಾಯಮಾತಿ ಕೇಳಿ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು: ಸ್ಪರ್ಧಾತ್ಮಕ ನೇಮಕಾತಿ ಇಲ್ಲದೆ ಒಳಗೆ ಬಂದವರಿಗೆ, ಎಷ್ಟು ವರ್ಷ ಕೆಲಸ ಮಾಡಿದ್ದರೂ, ಕಾಯಂ ಆಗುವ ಹಕ್ಕು ತಾನಾಗಿ ಹುಟ್ಟುವುದಿಲ್ಲ. ಸರ್ಕಾರಿ ಇಲಾಖೆಯ ಒಳಗೇ ದುಡಿದವರ ಸ್ಥಿತಿ ಇದಾದರೆ, ಸಂಸದರ ಖಾಸಗಿ ಸಹಾಯಕರಿಗೆ ಹೇಳುವುದೇ ಬೇಡ. ಸಚಿವರ ಕಚೇರಿಯ ವಿಶೇಷ ಕರ್ತವ್ಯಾಧಿಕಾರಿ, ಅಂದರೆ ಓಎಸ್‌ಡಿ, ಹುದ್ದೆಗೆ ಹೊರಗಿನವರನ್ನು ತೆಗೆದುಕೊಂಡಾಗಲೂ ಸಾಮಾನ್ಯವಾಗಿ ಸಚಿವರ ಅವಧಿಯ ಜೊತೆಗೇ ಅದು ಮುಗಿಯುತ್ತದೆ.

ಇನ್ನು ನಿಮ್ಮ ತಂದೆಯವರ ಆತಂಕ. ‘ಸರ್ಕಾರಿ ಕೆಲಸಕ್ಕೆ ಅಡ್ಡ ಬರುತ್ತೆ’ ಎಂಬುದು ಸರಿಯಲ್ಲ. ಸೇವೆಗೆ ಸೇರುವ ಮೊದಲು ಸಂಸದರ ಅಥವಾ ಶಾಸಕರ ಬಳಿ ಕೆಲಸ ಮಾಡಿದ್ದು ಅನರ್ಹತೆ ಎಂದು ಯಾವ ನಿಯಮವೂ ಹೇಳುವುದಿಲ್ಲ. ನಿರ್ಬಂಧ ಶುರುವಾಗುವುದು ಸೇರಿದ ಮೇಲೆ. ಕೇಂದ್ರ ನೌಕರರಿಗೆ 1964ರ ನಡತೆ ನಿಯಮಗಳ 5ನೇ ನಿಯಮ, ನಮ್ಮ ರಾಜ್ಯದ ನೌಕರರಿಗೆ 2021ರ ನಡತೆ ನಿಯಮಗಳು ರಾಜಕೀಯ ಪಕ್ಷದ ಸದಸ್ಯತ್ವವನ್ನೂ ಚಟುವಟಿಕೆಯನ್ನೂ ನಿಷೇಧಿಸುತ್ತವೆ. ಹಾಗಾಗಿ ಕೆಲಸ ಮಾಡಿ, ಆದರೆ ಪಕ್ಷದ ಸದಸ್ಯತ್ವದ ಚೀಟಿಗೆ ಸಹಿ ಹಾಕಬೇಡಿ. ನೇಮಕಾತಿಯ ಹೊತ್ತಿನ ಪೊಲೀಸ್ ಪರಿಶೀಲನೆಯಲ್ಲಿ ನೋಡುವುದು ಮುಖ್ಯವಾಗಿ ಮೊಕದ್ದಮೆ, ಬಂಧನ, ಶಿಕ್ಷೆ ಇಂಥವನ್ನು. ಪ್ರತಿಭಟನೆಯಲ್ಲಿ ಮುಂದೆ ನಿಂತು ಹೆಸರು ಎಫ್‌ಐಆರ್‌ಗೆ ಬಂದರೆ, ಅದನ್ನು ದೃಢೀಕರಣ ಪತ್ರದಲ್ಲಿ ಬರೆಯದೆ ಮುಚ್ಚಿಟ್ಟರೆ, ಆಗ ನಿಜವಾದ ತೊಂದರೆ. ಮೊಕದ್ದಮೆಗಿಂತ ಮುಚ್ಚಿಟ್ಟದ್ದೇ ಹಲವರ ನೇಮಕಾತಿ ರದ್ದಾಗಲು ಕಾರಣವಾಗುತ್ತದೆ.

ತಂದೆಯವರ ಮಾತಿನಲ್ಲಿ ಇನ್ನೊಂದು ಅಂಶವಿದೆ, ಅದು ಮಾತ್ರ ನಿಜ. ಸಂಸದರ ಕಚೇರಿ ನಿಮ್ಮ ಓದಿನ ಸಮಯ ತಿನ್ನುತ್ತದೆ. ಕ್ಷೇತ್ರದ ಕಚೇರಿಯಲ್ಲಿ ಬೆಳಗಿನಿಂದ ಜನ ಇರುತ್ತಾರೆ: ವರ್ಗಾವಣೆಗೆ ಶಿಫಾರಸು ಪತ್ರ, ಆಸ್ಪತ್ರೆ ಬಿಲ್ಲಿಗೆ ಪ್ರಧಾನಿ ಪರಿಹಾರ ನಿಧಿಯ ಅರ್ಜಿ, ರೈಲ್ವೆ ತುರ್ತು ಕೋಟಾ, ಊರಿಗೊಂದು ಸಮುದಾಯ ಭವನ. ಈ ಕೆಲಸ ಕೀಳಲ್ಲ, ಜನರಿಗೆ ಬೇಕಾದದ್ದು. ಆದರೆ ಎರಡು ವರ್ಷ ಇದನ್ನೇ ಮಾಡಿದರೆ ಹಣಕಾಸು ನೀತಿಯ ಒಂದು ಸಾಲೂ ನಿಮಗೆ ಬಂದಿರುವುದಿಲ್ಲ, ಪರೀಕ್ಷೆಯ ವಯಸ್ಸು ಮಾತ್ರ ಎರಡು ವರ್ಷ ಕರಗಿರುತ್ತದೆ. ಆದ್ದರಿಂದ ‘ಸಹಾಯಕಿ’ ಎಂದಾಗ ಯಾವ ಸಹಾಯಕಿ ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು.

ಕಲಿಸುವ ಕೆಲಸ ಇನ್ನೊಂದು ಬಗೆಯದು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ ಪಟ್ಟಿಗೆ ಬರುತ್ತವೆ. ಸಭೆಯಲ್ಲಿ ಸಚಿವರು ಎದ್ದು ನಿಂತು ಉತ್ತರಿಸುವುದು ಮೊದಲ ಬಗೆಗೆ ಮಾತ್ರ, ಎರಡನೆಯದಕ್ಕೆ ಲಿಖಿತ ಉತ್ತರ. ಹದಿನೈದು ದಿನ ಮೊದಲೇ ಸೂಚನೆ ಕೊಡಬೇಕು, 150 ಪದ ಮೀರಬಾರದು, ಬಂದ ಸೂಚನೆಗಳಲ್ಲಿ ಚೀಟಿ ಎತ್ತಿ ಸರದಿ ನಿಗದಿ ಮಾಡುತ್ತಾರೆ. ಒಳ್ಳೆಯ ಸಹಾಯಕರ ಪರಿಣತಿ ಕಾಣುವುದು ಆ 150 ಪದಗಳಲ್ಲಿ. ‘ಕರ್ನಾಟಕದ ಶಾಲೆಗಳ ದುಸ್ಥಿತಿ ನಿವಾರಣೆಗೆ ಸರ್ಕಾರ ಕೈಗೊಂಡ ಕ್ರಮಗಳೇನು?’ ಎಂದು ಕೇಳಿದರೆ ಯೋಜನೆಗಳ ಹೆಸರಿರುವ ಎರಡು ಪುಟದ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಅದೇ ಪ್ರಶ್ನೆಯನ್ನು ಹೀಗೆ ಬರೆಯಿರಿ: ಸಮಗ್ರ ಶಿಕ್ಷಣ ಯೋಜನೆಯಡಿ ಕಳೆದ ಮೂರು ವರ್ಷಗಳಲ್ಲಿ ಕರ್ನಾಟಕಕ್ಕೆ ಹಂಚಿಕೆಯಾದ, ಬಿಡುಗಡೆಯಾದ ಮತ್ತು ಖರ್ಚಾದ ಮೊತ್ತ ವರ್ಷವಾರು ಎಷ್ಟು? ರಾಜ್ಯ ತನ್ನ ಶೇ 40ರ ಪಾಲನ್ನು ಪ್ರತಿ ವರ್ಷ ಎಷ್ಟು ಸೇರಿಸಿದೆ? ಹಂಚಿಕೆಗಿಂತ ಬಿಡುಗಡೆ ಕಡಿಮೆ ಇದ್ದರೆ ಕಾರಣವೇನು? ಈಗ ಸಚಿವಾಲಯಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಕೋಷ್ಟಕ ಕೊಡಲೇಬೇಕು. ಹಂಚಿಕೆ, ಬಿಡುಗಡೆ, ವೆಚ್ಚ — ಈ ಮೂರು ಬೇರೆಬೇರೆ ಎಂಬುದು ಯಾರಿಗೆ ನರನಾಡಿಯಲ್ಲಿ ಇಳಿದಿದೆಯೋ ಅವರು ಸರ್ಕಾರದ ಹಣಕಾಸನ್ನು ಅರ್ಧ ಕಲಿತಂತೆ.

ಪ್ರಶ್ನೆ ತಿರಸ್ಕೃತವಾಗುವುದು ಯಾಕೆ ಎಂಬುದೂ ಒಂದು ಪಾಠ. ರಾಜ್ಯಪಟ್ಟಿಯ ವಿಷಯವನ್ನು ಕೇಂದ್ರಕ್ಕೆ ಕೇಳಿರುತ್ತಾರೆ, ನ್ಯಾಯಾಲಯದ ಮುಂದಿರುವುದನ್ನು ಕೇಳಿರುತ್ತಾರೆ, ಪ್ರಶ್ನೆಯ ಹೆಸರಿನಲ್ಲಿ ವಾದ ಮಂಡಿಸಿರುತ್ತಾರೆ, ಇಲ್ಲವೇ ಸರ್ಕಾರ ಆಗಲೇ ಪ್ರಕಟಿಸಿರುವ ಅಂಕಿಯನ್ನೇ ಕೇಳಿರುತ್ತಾರೆ. ಈ ಕಾರಣಗಳನ್ನು ತಿಳಿದುಕೊಂಡರೆ ಕೇಂದ್ರ ರಾಜ್ಯಗಳ ಅಧಿಕಾರದ ಗೆರೆ ಎಲ್ಲಿದೆ ಎಂಬುದು ಪುಸ್ತಕವಿಲ್ಲದೆ ಅರ್ಥವಾಗುತ್ತದೆ.

ಬಜೆಟ್ ಅಧಿವೇಶನದಲ್ಲಿ ಈ ಕೆಲಸ ಇನ್ನೂ ಹದವಾಗುತ್ತದೆ. ಬಜೆಟ್ ಮಂಡನೆಯ ನಂತರ ಸದನಕ್ಕೆ ಬಿಡುವು, ಆ ಹೊತ್ತಿನಲ್ಲಿ 24 ಇಲಾಖಾವಾರು ಸ್ಥಾಯಿ ಸಮಿತಿಗಳು ಅನುದಾನದ ಬೇಡಿಕೆಗಳನ್ನು, ಅಂದರೆ ಪ್ರತಿ ಇಲಾಖೆ ಸದನದ ಮುಂದೆ ಕೇಳುವ ಹಣದ ಪಟ್ಟಿಯನ್ನು, ಪರಿಶೀಲಿಸುತ್ತವೆ. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಎಲ್ಲ ಇಲಾಖೆಗಳ ಬೇಡಿಕೆಯೂ ಸದನದಲ್ಲಿ ಚರ್ಚೆಯಾಗುವುದಿಲ್ಲ, ಕೊನೆಯ ದಿನ ಉಳಿದವನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಹಾಗಾಗಿ ನಿಜವಾದ ಪರಿಶೀಲನೆ ಎಂಬುದೊಂದು ಇದ್ದರೆ ಅದು ಸಮಿತಿಯ ಕೋಣೆಯಲ್ಲಿ. ಅಲ್ಲಿ ಸಂಸದರ ಕೈಯಲ್ಲಿರುವ ಎರಡು ಪುಟದ ಟಿಪ್ಪಣಿ ಬರೆದವರಿಗೆ, ಕಾರ್ಯದರ್ಶಿಗಳು ಯಾವ ಪ್ರಶ್ನೆಗೆ ಉತ್ತರಿಸಿದರು, ಯಾವುದಕ್ಕೆ ‘ಲಿಖಿತವಾಗಿ ಕೊಡುತ್ತೇವೆ’ ಎಂದರು ಎಂಬುದು ತಿಳಿಯುತ್ತದೆ. ಸಮಿತಿಯ ಕಲಾಪ ಗೋಪ್ಯ, ಸಹಾಯಕರು ಒಳಗೆ ಕೂರುವಂತಿಲ್ಲ. ಆದರೂ ಸಂಸದರು ಹೊರಗೆ ಬಂದು ಟಿಪ್ಪಣಿಯ ಯಾವ ಸಾಲು ಉಪಯೋಗಕ್ಕೆ ಬಂತು ಎಂದು ಹೇಳುವವರಾದರೆ, ಒಂದು ಅಧಿವೇಶನದಲ್ಲಿ ನೀವು ಕಲಿಯುವುದು ಬಹಳ.

ಇಂಥ ಕೆಲಸವನ್ನು ಶಿಸ್ತಾಗಿ ಕಲಿಸುವ ವ್ಯವಸ್ಥೆಯೊಂದು ಇದೆ. ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ನಡೆಸುವ ಲ್ಯಾಂಪ್ ಫೆಲೋಶಿಪ್. ಯಾವುದೇ ಪದವಿ ಸಾಕು, ವಯಸ್ಸು 25 ಮೀರಿರಬಾರದು. ಆಯ್ಕೆಯಾದವರನ್ನು ಒಬ್ಬೊಬ್ಬ ಸಂಸದರಿಗೆ ಜೋಡಿಸುತ್ತಾರೆ, ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದ ಕೊನೆಯವರೆಗೆ ಕೆಲಸ. ಸಂಬಳ ಕೊಡುವುದು ಪಿಆರ್‌ಎಸ್, ಸಂಸದರಲ್ಲ; ಶಿಫಾರಸು ಪತ್ರದ ಕೆಲಸಕ್ಕೆ ನಿಮ್ಮನ್ನು ಎಳೆಯಲು ಆಗುವುದಿಲ್ಲ. ಅವಧಿ ಮೊದಲೇ ಗೊತ್ತಿರುತ್ತದೆ, ಕೈಯಲ್ಲಿ ಪ್ರಮಾಣಪತ್ರ ಸಿಗುತ್ತದೆ. ನಿಮಗೆ ಈಗ 24, ಅಂದರೆ ಈ ಬಾಗಿಲು ಬೇಗ ಮುಚ್ಚುತ್ತದೆ. ಅರ್ಜಿಯ ಪ್ರಬಂಧಗಳನ್ನು ಈಗಲೇ ಬರೆದು ಯಾರಿಗಾದರೂ ತೋರಿಸಿ ತಿದ್ದಿಸಿಕೊಳ್ಳಿ. ದೆಹಲಿಯ ಬಾಡಿಗೆ ಊಟ ಕಳೆದರೆ ಉಳಿತಾಯ ಆಗುವುದಿಲ್ಲ ಎಂಬುದನ್ನು ಮನೆಯಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ನಿಮ್ಮ ನಿಜವಾದ ಗುರಿಯ ಕಡೆ ಬರೋಣ. ಹಣಕಾಸು ನೀತಿಯ ಅಧಿಕಾರಿ ದಿನವಿಡೀ ಮಾಡುವುದೇನು? ಹೊರಗಿನವರು ಬಜೆಟ್ ಭಾಷಣವನ್ನು ಕಲ್ಪಿಸಿಕೊಳ್ಳುತ್ತಾರೆ. ಆದರೆ ದಿನದ ಬಹುಪಾಲು ಹೋಗುವುದು ಕಡತದಲ್ಲಿ. ರಾಜ್ಯದ ಯಾವುದೇ ಇಲಾಖೆ ಹೊಸ ಹುದ್ದೆ, ಹೊಸ ಯೋಜನೆ, ಹೆಚ್ಚುವರಿ ಅನುದಾನ ಕೇಳಿದರೂ ಕಡತ ಆರ್ಥಿಕ ಇಲಾಖೆಗೆ ಬರಬೇಕು. ಅಲ್ಲಿ ಟಿಪ್ಪಣಿ ಬರೆಯುವವರು ಕೇಳುವ ಪ್ರಶ್ನೆಗಳು ಸರಳ, ಉತ್ತರ ಸರಳವಲ್ಲ. ಈ ವರ್ಷದ ಆಯವ್ಯಯದಲ್ಲಿ ಇದಕ್ಕೆ ಅವಕಾಶ ಇದೆಯೇ? ಇದು ಒಂದು ಬಾರಿಯ ಖರ್ಚೋ, ಪ್ರತಿ ವರ್ಷ ಮರಳಿ ಬರುವುದೋ? ಕಟ್ಟಡ ಕಟ್ಟಿದ ಮೇಲೆ ಅದರಲ್ಲಿ ಕೂರುವ ಸಿಬ್ಬಂದಿಯ ಸಂಬಳ ಯಾರ ಲೆಕ್ಕಕ್ಕೆ? ಇದೇ ಬೇಡಿಕೆಯನ್ನು ಇನ್ನೊಂದು ಇಲಾಖೆ ಮುಂದಿಟ್ಟರೆ ಏನು ಹೇಳುತ್ತೀರಿ?

ಹೆಚ್ಚು ಹಾನಿ ಮಾಡುವ ತಪ್ಪು ಯಾವುದು ಎಂದು ಕೇಳಿದರೆ ನಾನು ಒಂದನ್ನೇ ಹೇಳುತ್ತೇನೆ: ಸಾಂಕೇತಿಕ ಅವಕಾಶ. ನೂರು ಕೋಟಿಯ ರಸ್ತೆ ಕಾಮಗಾರಿಗೆ ಆಯವ್ಯಯದಲ್ಲಿ ಒಂದು ಕೋಟಿ ಇಡುತ್ತಾರೆ, ಲೆಕ್ಕ ಶೀರ್ಷಿಕೆ, ಅಂದರೆ ಆ ಖರ್ಚನ್ನು ಬರೆಯುವ ತಲೆಬರಹ, ತೆರೆದಂತಾಯಿತು, ಟೆಂಡರ್ ಕರೆಯಬಹುದು. ಹೀಗೆ ನೂರಾರು ಕಾಮಗಾರಿ ಶುರುವಾದರೆ ಮೂರನೇ ವರ್ಷಕ್ಕೆ ಗುತ್ತಿಗೆದಾರರ ಬಾಕಿ ಬಿಲ್ ಗುಡ್ಡವಾಗುತ್ತದೆ, ಆಗ ಬರುವ ಸರ್ಕಾರಕ್ಕೆ ಯಾವುದೇ ಹೊಸ ಯೋಜನೆ ತರಲು ಕೈ ಕಟ್ಟಿದಂತಾಗುತ್ತದೆ. ಒಂದು ಕೋಟಿಯ ಸಾಲನ್ನು ನೋಡಿದಾಗಲೇ ತೊಂಬತ್ತೊಂಬತ್ತು ಕೋಟಿಯ ಹೊಣೆಯನ್ನು ಕಡತದಲ್ಲಿ ಬರೆದಿಡುವ ಅಧಿಕಾರಿ ನಾಡಿಗೆ ದೊಡ್ಡ ಉಪಕಾರ ಮಾಡುತ್ತಾನೆ. ಅವನ ಮಾತನ್ನು ಮೇಲಿನವರು ಕೇಳಲೇಬೇಕೆಂದಿಲ್ಲ. ಆದರೆ ಬರೆದಿದ್ದು ಉಳಿಯುತ್ತದೆ, ಮುಂದೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಕೇಳುವಾಗ ಅದೇ ದಾಖಲೆ.

ಕಡತದ ಆಚೆಗೆ ಇರುವುದು ನಿಮಗೆ ಇಷ್ಟವಾದ ವಿಷಯ: ಹಂಚಿಕೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. ಹದಿನಾಲ್ಕನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ವ್ಯತ್ಯಾಸ ಒಂದು ಚಿಲ್ಲರೆಯಂತೆ ಕಾಣುತ್ತದೆ. ರಾಜ್ಯಗಳಿಗೆ ಹಂಚುವ ಮೊತ್ತದ ಪ್ರತಿ ಒಂದು ಲಕ್ಷ ಕೋಟಿಗೆ ಅದು 1,066 ಕೋಟಿ. ಇಳಿಯಲು ಮುಖ್ಯ ಕಾರಣ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೆ (ಆದಾಯ ಕಡಿಮೆ ಇರುವ ರಾಜ್ಯಕ್ಕೆ ಹೆಚ್ಚು ಪಾಲು) ಶೇ 45ರ ತೂಕ ಇದ್ದದ್ದು ಮತ್ತು ಬೆಂಗಳೂರಿನಿಂದಾಗಿ ನಮ್ಮ ತಲಾ ಆದಾಯ ಮೇಲೇರಿದ್ದು. ರಾಜ್ಯದ ಮನವಿ ಪತ್ರ ತಯಾರಿಸುವವರು ಈ ಸೂತ್ರದ ಪ್ರತಿ ತೂಕವನ್ನೂ ಬದಲಿಸಿ ಬದಲಿಸಿ ಲೆಕ್ಕ ಹಾಕಿ, ಯಾವ ವಾದ ಇತರ ರಾಜ್ಯಗಳಿಗೂ ಒಪ್ಪಿಗೆಯಾದೀತು ಎಂದು ನೋಡಬೇಕಾಗುತ್ತದೆ. ನಮ್ಮೊಳಗಿನ ಹಂಚಿಕೆಯೂ ಇದೇ ಬಗೆಯ ಕೆಲಸ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಸೂಚ್ಯಂಕ ಕಟ್ಟಿ ತೋರಿಸಿದ್ದರಿಂದಲೇ ಪ್ರಾದೇಶಿಕ ಅಸಮತೋಲನದ ಚರ್ಚೆಗೆ ಅಂಕಿಯ ಆಧಾರ ಸಿಕ್ಕಿತು. ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಸರ್ಕಾರದ ಕೆಲಸಕ್ಕೆ ಬಂದವರು ಎಂಬುದನ್ನು ನೆನಪಿಡಿ, ಆ ದಾರಿಯ ಬಗ್ಗೆ ಮುಂದೆ ಹೇಳುತ್ತೇನೆ.

ಹಾಗಾದರೆ ಒಳಗೆ ಹೋಗುವ ಬಾಗಿಲುಗಳು ಯಾವುವು? ನಿಮ್ಮ ಎಂ.ಎ.ಗೆ ನೇರವಾಗಿ ಹೊಂದುವುದು ಭಾರತೀಯ ಆರ್ಥಿಕ ಸೇವೆ, ಐಇಎಸ್. 1961ರಲ್ಲಿ ರಚನೆಯಾದ ಸೇವೆ, ಕೇಂದ್ರ ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆ ಇದರ ತವರು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ವಯಸ್ಸು 21ರಿಂದ 30, ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ಪ್ರಿಲಿಮ್ಸ್ ಎಂಬುದಿಲ್ಲ. ನೇರವಾಗಿ 1,000 ಅಂಕದ ಲಿಖಿತ ಪರೀಕ್ಷೆ: ಸಾಮಾನ್ಯ ಇಂಗ್ಲಿಷ್ 100, ಸಾಮಾನ್ಯ ಅಧ್ಯಯನ 100, ಅರ್ಥಶಾಸ್ತ್ರದ ಮೂರು ಪತ್ರಿಕೆ ಮತ್ತು ಭಾರತದ ಅರ್ಥವ್ಯವಸ್ಥೆಯ ಒಂದು ಪತ್ರಿಕೆ ತಲಾ 200. ಸಂದರ್ಶನಕ್ಕೆ 200. ಸೇರಿದಾಗ ಮೂಲ ವೇತನ 7ನೇ ವೇತನ ಆಯೋಗದ ಪ್ರಕಾರ 56,100. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಜೂನ್ ತಿಂಗಳಲ್ಲಿ ನಡೆಯುತ್ತಿದೆ.

ಇದರ ಅಪಾಯಗಳು ಎರಡು. ಹುದ್ದೆ ಬಹಳ ಕಡಿಮೆ. 2023 ಮತ್ತು 2024ರಲ್ಲಿ ತಲಾ 18. ಒಂದೆರಡು ಅಂಕದಲ್ಲಿ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಎರಡನೆಯದು, ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು, ಕನ್ನಡಕ್ಕೆ ಅವಕಾಶವಿಲ್ಲ. ನಿಮ್ಮ ಭಯಕ್ಕೆ ಇಲ್ಲಿ ಕಾರಣ ಉಂಟು, ಆದರೆ ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಆ ಪತ್ರಿಕೆಗಳಲ್ಲಿ ಅಂಕ ಸಿಗುವುದು ರೇಖಾಚಿತ್ರ, ಸಮೀಕರಣ, ಸಿದ್ಧಾಂತದ ಸರಿಯಾದ ಹೆಜ್ಜೆಗಳಿಗೆ, ಸೊಗಸಾದ ಇಂಗ್ಲಿಷಿಗಲ್ಲ. ಕನ್ನಡ ಮಾಧ್ಯಮದವರು ಎಡವುವುದು ಭಾಷೆಗಿಂತ ಹೆಚ್ಚಾಗಿ ಗಣಿತದಲ್ಲಿ. ಎಂ.ಎ.ಯಲ್ಲಿ ಅರ್ಥಮಿತಿಯನ್ನು (ಇಕನಾಮೆಟ್ರಿಕ್ಸ್) ಕಂಠಪಾಠ ಮಾಡಿ ದಾಟಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಶೇ 62ರ ಅಂಕಪಟ್ಟಿಯಲ್ಲಿ ಆ ಪತ್ರಿಕೆಗೆ ಎಷ್ಟು ಬಂದಿದೆ ನೋಡಿಕೊಳ್ಳಿ. ನಿಮ್ಮ ತಯಾರಿ ಎಲ್ಲಿಂದ ಶುರುವಾಗಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಅದೇ ಓದು ಇನ್ನೊಂದು ಕಡೆಗೂ ಬರುತ್ತದೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿಗಳ ನೇಮಕಾತಿಯಲ್ಲಿ ಆರ್ಥಿಕ ಮತ್ತು ನೀತಿ ಸಂಶೋಧನಾ ವಿಭಾಗಕ್ಕೆ ಪ್ರತ್ಯೇಕ ಆಯ್ಕೆ ಇದೆ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55 ಬೇಕು, ನಿಮಗಿದೆ. ಎರಡಕ್ಕೂ ಒಟ್ಟಿಗೆ ತಯಾರಾಗುವುದು ಸರಿಯಾದ ಲೆಕ್ಕಾಚಾರ.

ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯನ್ನು ನಿಮ್ಮ ತಂದೆಯವರು ಹೇಳಿದ್ದು ಸರಿಯೇ, ಆದರೆ ‘ಕೆಎಎಸ್’ ಎಂದಾಗ ಮನೆಗಳಲ್ಲಿ ಉಪವಿಭಾಗಾಧಿಕಾರಿ, ತಹಶೀಲ್ದಾರರನ್ನಷ್ಟೇ ನೆನೆಯುತ್ತಾರೆ. ಅದೇ ಅಧಿಸೂಚನೆಯಲ್ಲಿ ರಾಜ್ಯ ಲೆಕ್ಕಪತ್ರ ಇಲಾಖೆಯ ಸಹಾಯಕ ನಿಯಂತ್ರಕರು, ವಾಣಿಜ್ಯ ತೆರಿಗೆಗಳ ಸಹಾಯಕ ಆಯುಕ್ತರು, ಖಜಾನೆ ಅಧಿಕಾರಿಗಳ ಹುದ್ದೆಗಳೂ ಇರುತ್ತವೆ. ನಿಮ್ಮಂಥವರು ಆದ್ಯತೆಯ ಪಟ್ಟಿ ತುಂಬುವಾಗ ಇವನ್ನು ಮೇಲಕ್ಕೆ ಇಡಬಹುದು. ಲೆಕ್ಕಪತ್ರ ಇಲಾಖೆಯವರು ಜಿಲ್ಲಾ ಪಂಚಾಯತಿಯ ಮುಖ್ಯ ಲೆಕ್ಕಾಧಿಕಾರಿ, ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ, ದೊಡ್ಡ ಇಲಾಖೆಗಳ ಆರ್ಥಿಕ ಸಲಹೆಗಾರರಾಗಿ ಹೋಗುತ್ತಾರೆ. ಪ್ರತಿಷ್ಠೆಯ ಮಾತು ಬಿಡಿ, ದುಡ್ಡು ಎಲ್ಲಿ ಸೋರುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ನೋಡುವವರು ಕಡಿಮೆ. ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು. ಅಪಾಯ ಇರುವುದು ವೇಳಾಪಟ್ಟಿಯಲ್ಲಿ. 2024ರ ಆಗಸ್ಟ್‌ನಲ್ಲಿ 384 ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳ ಕಾರಣಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ವರ್ಷಗಳೇ ಹಿಡಿಯಬಹುದು. ಇದೊಂದನ್ನೇ ನಂಬಿ ಕೂರಬಾರದು.

ಕೇಂದ್ರ ನಾಗರಿಕ ಸೇವೆಯ ಬಗ್ಗೆ ಒಂದು ಮಾತು ಸಾಕು: ಐಎಎಸ್ ಅಷ್ಟೇ ಅಲ್ಲ, ಲೆಕ್ಕಪರಿಶೋಧನೆಯ ಐಎ ಅಂಡ್ ಎಎಸ್, 1976ರಲ್ಲಿ ಹುಟ್ಟಿದ ಸಿವಿಲ್ ಲೆಕ್ಕ ಸೇವೆ, ಕಂದಾಯ ಸೇವೆ ಎಲ್ಲವೂ ಹಣಕಾಸಿನವೇ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ.

ಪರೀಕ್ಷೆಯಿಲ್ಲದ ದಾರಿಯೆಂದರೆ ಸಂಶೋಧನೆ. ಬೆಂಗಳೂರಿನ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಐಸೆಕ್, ಕೆಂಗೇರಿಯಲ್ಲಿರುವ ರಾಜ್ಯ ಆರ್ಥಿಕ ಇಲಾಖೆಯದೇ ಫಿಸ್ಕಲ್ ಪಾಲಿಸಿ ಇನ್‌ಸ್ಟಿಟ್ಯೂಟ್ ಇಂಥ ಕಡೆ ಯೋಜನೆಗಳ ಆಧಾರದ ಮೇಲೆ ಸಂಶೋಧನಾ ಸಹಾಯಕರನ್ನು ತೆಗೆದುಕೊಳ್ಳುತ್ತಾರೆ. ಹದಿನಾಲ್ಕನೇ ಹಣಕಾಸು ಆಯೋಗದ ಸದಸ್ಯರಾಗಿದ್ದ ಕನ್ನಡಿಗ ಎಂ. ಗೋವಿಂದ ರಾವ್ ಅವರದೂ ಸಂಶೋಧನೆಯ ದಾರಿಯೇ. ಆದರೆ ಆ ದಾರಿ ಉದ್ದ. ಪಿಎಚ್‌ಡಿ, ಪ್ರಕಟಣೆ, ಇಪ್ಪತ್ತು ವರ್ಷದ ಹೆಸರು ಬೇಕು. ಸಹಾಯಕರ ಹುದ್ದೆ ಯೋಜನೆ ಮುಗಿದಾಗ ಮುಗಿಯುತ್ತದೆ. ಪರಿಣತರನ್ನು ನೇರವಾಗಿ ಮೇಲಿನ ಹುದ್ದೆಗೆ ತರುವ ಕೇಂದ್ರದ ಲ್ಯಾಟರಲ್ ಎಂಟ್ರಿಯನ್ನು ಯಾರಾದರೂ ಹೇಳಿದರೆ, 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳ ಜಾಹೀರಾತನ್ನು ಪ್ರಕಟಿಸಿ ಕೆಲವೇ ದಿನಗಳಲ್ಲಿ ಹಿಂಪಡೆದದ್ದನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಜೀವನದ ಲೆಕ್ಕ ಹಾಕಲಾಗದು.

ಶಾಸನಸಭೆಯ ಕೆಲಸವೇ ನಿಮಗೆ ರುಚಿಸಿದರೆ, ಅದನ್ನು ಕಾಯಂ ಆಗಿ ಮಾಡುವ ದಾರಿಯೂ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಸಂಸತ್ತಿಗೆ ಸಂವಿಧಾನದ 98ನೇ ವಿಧಿ, ರಾಜ್ಯ ವಿಧಾನಮಂಡಲಕ್ಕೆ 187ನೇ ವಿಧಿ ಪ್ರತ್ಯೇಕ ಸಚಿವಾಲಯ ಕೊಟ್ಟಿವೆ. ಅವು ಸರ್ಕಾರದ ಇಲಾಖೆಗಳಲ್ಲ, ನೇಮಕಾತಿಯೂ ಅವರದೇ. ಅಲ್ಲಿ ಸಮಿತಿ ಶಾಖೆಯಲ್ಲಿ ಕೆಲಸ ಮಾಡುವವರು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಅಂದಾಜುಗಳ ಸಮಿತಿಯ ವರದಿಗಳ ಕರಡು ಬರೆಯುತ್ತಾರೆ. ಸಂಸದರು ಬದಲಾದರೂ ಇವರ ಕೆಲಸ ಬದಲಾಗುವುದಿಲ್ಲ. ನೇಮಕಾತಿ ಅಪರೂಪ, ಹುದ್ದೆ ಬೆರಳೆಣಿಕೆಯಷ್ಟು, ಆದರೂ ಜಾಲತಾಣವನ್ನು ಆಗಾಗ ನೋಡುತ್ತಿರಿ.

ಯಾವ ದಾರಿ ಹಿಡಿದರೂ ಈಗಿನಿಂದಲೇ ಕಲಿಯಬೇಕಾದ ಒಂದು ಕೌಶಲವಿದೆ, ಅದಕ್ಕೆ ಯಾರ ಅನುಮತಿಯೂ ಬೇಡ. ರಾಜ್ಯದ ಆಯವ್ಯಯ ಸಂಪುಟಗಳು ಆರ್ಥಿಕ ಇಲಾಖೆಯ ಜಾಲತಾಣದಲ್ಲಿವೆ. ಮೊದಲು ಲೆಕ್ಕ ಶೀರ್ಷಿಕೆಯ ನಾಲ್ಕಂಕಿ ಓದುವುದನ್ನು ಕಲಿಯಿರಿ. 0 ಅಥವಾ 1ರಿಂದ ಶುರುವಾದರೆ ರಾಜಸ್ವ ಜಮೆ, 2 ಅಥವಾ 3 ರಾಜಸ್ವ ವೆಚ್ಚ, 4 ಅಥವಾ 5 ಬಂಡವಾಳ ವೆಚ್ಚ, 6 ಅಥವಾ 7 ಸಾಲ ಮತ್ತು ಮುಂಗಡ. 2202 ಎಂದರೆ ಸಾಮಾನ್ಯ ಶಿಕ್ಷಣದ ಸಂಬಳ ಸಾರಿಗೆ, 4202 ಅದೇ ಶಿಕ್ಷಣದ ಕಟ್ಟಡ. 2049 ಬಡ್ಡಿ, 2071 ಪಿಂಚಣಿ, 0039 ಅಬಕಾರಿ. ಒಂದೇ ಶೀರ್ಷಿಕೆ ಆರಿಸಿಕೊಂಡು ಪುಟದ ನಾಲ್ಕು ಕಾಲಂ ನೋಡಿ: ಎರಡು ವರ್ಷ ಹಿಂದಿನ ನಿಜವಾದ ಲೆಕ್ಕ, ಚಾಲ್ತಿ ವರ್ಷದ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಅಂದಾಜಿಗೂ ಲೆಕ್ಕಕ್ಕೂ ಇರುವ ಅಂತರವನ್ನು ಐದು ವರ್ಷದ ಸಂಪುಟಗಳಿಂದ ತೆಗೆದು ಒಂದು ಎಕ್ಸೆಲ್ ಹಾಳೆಯಲ್ಲಿ ಇಡಿ. ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನು ಓದಿ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ಸರ್ಕಾರ ಅದನ್ನು ಮಂಡಿಸಲೇಬೇಕು, ಅಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3, ಒಟ್ಟು ಹೊಣೆ ಶೇ 25 ಎಂಬ ಮಿತಿಗಳು ಎಲ್ಲಿಂದ ಬಂದವು ಎಂಬುದು ಅಲ್ಲಿದೆ. ಸಿಎಜಿ ಪ್ರತಿ ತಿಂಗಳು ಪ್ರಕಟಿಸುವ ರಾಜ್ಯದ ಲೆಕ್ಕದ ಪಟ್ಟಿಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ. ಮೂರು ತಿಂಗಳು ಹೀಗೆ ಮಾಡಿದರೆ ಯಾವ ಸಂದರ್ಶನದಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇನ್ನು ನಿಮ್ಮ ಮುಂದಿರುವ ಕರೆ. ನನ್ನ ಸಲಹೆ ಹೀಗಿದೆ: ಲ್ಯಾಂಪ್‌ಗೆ ಅರ್ಜಿ ಹಾಕಿ, ಐಇಎಸ್ ಮತ್ತು ರಿಸರ್ವ್ ಬ್ಯಾಂಕನ್ನು ಮುಖ್ಯ ಗುರಿಯಾಗಿಟ್ಟುಕೊಳ್ಳಿ, ಕೆಪಿಎಸ್‌ಸಿ ಅಧಿಸೂಚನೆ ಬಂದಾಗ ಬಿಡಬೇಡಿ. ಸಂಸದರ ಕಚೇರಿಯ ಕೆಲಸವನ್ನು ಮನೆಯ ಸ್ಥಿತಿ ಬೇಡಿದರೆ ಅಥವಾ ಆ ಕಚೇರಿ ನಿಜಕ್ಕೂ ಕಲಿಸುವಂಥದ್ದಾದರೆ ಮಾತ್ರ ಒಪ್ಪಿ. ಒಪ್ಪುವ ಮೊದಲು ಅವರ ಹಿರಿಯ ಆಪ್ತ ಸಹಾಯಕರನ್ನು ಕಂಡು ಮಾತಾಡಿ. ಕಳೆದ ಅಧಿವೇಶನದಲ್ಲಿ ಸಂಸದರು ಎಷ್ಟು ಪ್ರಶ್ನೆ ಕೇಳಿದ್ದಾರೆ ಎಂಬುದು ಲೋಕಸಭೆಯ ಜಾಲತಾಣದಲ್ಲೇ ಸಿಗುತ್ತದೆ, ಮೊದಲೇ ನೋಡಿಕೊಂಡು ಹೋಗಿ. ಪ್ರಶ್ನೆಗಳೇ ಇಲ್ಲದಿದ್ದರೆ ಅಲ್ಲಿ ಶಾಸನದ ಕೆಲಸ ಇಲ್ಲ ಎಂದೇ ಅರ್ಥ. ಪ್ರಶ್ನೆ ಮತ್ತು ಟಿಪ್ಪಣಿ ಬರೆಯುವುದು ನಿಮ್ಮ ಕೆಲಸದ ಭಾಗವೇ, ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆಯೇ, ಪರೀಕ್ಷೆಗೆ ಮೊದಲು ಎರಡು ತಿಂಗಳು ರಜೆ ಸಿಗುತ್ತದೆಯೇ ಎಂದು ಕೇಳಿ.

ಸೇರಿದ ಮೇಲೆ ಮೂರು ವಿಷಯಗಳಲ್ಲಿ ಎಚ್ಚರ. ಪ್ರಶ್ನೆ ಸಲ್ಲಿಸುವ ಸಂಸದರ ಪೋರ್ಟಲ್‌ನ ಲಾಗಿನ್, ಪಾಸ್‌ವರ್ಡ್ ನಿಮ್ಮ ಕೈಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ಲೋಕಸಭೆಯ ಸದಸ್ಯರೊಬ್ಬರು ಉಚ್ಚಾಟನೆಗೊಂಡ ಪ್ರಕರಣದಲ್ಲಿ ಲಾಗಿನ್ ಹಂಚಿಕೊಂಡದ್ದು ಮುಖ್ಯ ಆರೋಪವಾಗಿತ್ತು. ಕರಡು ಬರೆದು ಕೊಡಿ, ಸಲ್ಲಿಸುವುದು ಅವರದೇ ಆಗಲಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯ ವರ್ಷಕ್ಕೆ ಐದು ಕೋಟಿಯಲ್ಲಿ ಸಂಸದರಿಗೆ ಇರುವುದು ಶಿಫಾರಸಿನ ಅಧಿಕಾರ ಮಾತ್ರ, ಮಂಜೂರು ಮಾಡುವುದು ಜಿಲ್ಲಾಡಳಿತ. ಗುತ್ತಿಗೆದಾರರು ನಿಮ್ಮ ಮೇಜಿನ ಮುಂದೆ ಕೂತರೆ ಅವರನ್ನು ಜಿಲ್ಲಾಧಿಕಾರಿ ಕಚೇರಿಯ ಸಂಬಂಧಪಟ್ಟ ಶಾಖೆಗೆ ಕಳಿಸಿ, ಮಧ್ಯಸ್ಥಿಕೆ ವಹಿಸಬೇಡಿ. ಸಂಸದರ ಹೆಸರಿನಲ್ಲಿ ಸಾಮಾಜಿಕ ಜಾಲತಾಣಕ್ಕೆ ಬರೆಯುವ ಕೆಲಸವನ್ನೂ ಆದಷ್ಟು ಒಪ್ಪಿಕೊಳ್ಳಬೇಡಿ, ಅಲ್ಲಿ ಬರೆದದ್ದರ ಮೇಲೆ ದೂರು ದಾಖಲಾದರೆ ಹುಡುಕಿಕೊಂಡು ಬರುವುದು ಟೈಪ್ ಮಾಡಿದವರನ್ನು.

ಅವಧಿಯನ್ನು ಮೊದಲೇ ನಿಗದಿ ಮಾಡಿಕೊಳ್ಳಿ: ಒಂದು ಬಜೆಟ್ ಅಧಿವೇಶನ ಸೇರಿ ಹನ್ನೊಂದು ತಿಂಗಳು, ಅದಕ್ಕಿಂತ ಹೆಚ್ಚು ಬೇಡ. ಆ ಅವಧಿಯಲ್ಲಿ ನೀವು ಬರೆದ ಪ್ರತಿ ಪ್ರಶ್ನೆ, ಅದಕ್ಕೆ ಬಂದ ಉತ್ತರ, ಉತ್ತರದಲ್ಲಿ ತಪ್ಪಿಸಿದ್ದೇನು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಇಡಿ. ಸಂಜೆ ಏಳರಿಂದ ಹತ್ತು ಓದಿನ ಹೊತ್ತು ಎಂದು ಕಚೇರಿಯಲ್ಲಿ ಮೊದಲ ವಾರವೇ ಹೇಳಿಬಿಡಿ. ಎರಡು ತಿಂಗಳಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಬರೆಸದೆ ಶಿಫಾರಸು ಪತ್ರಗಳನ್ನಷ್ಟೇ ಟೈಪ್ ಮಾಡಿಸಿದರೆ, ಮೂರನೇ ತಿಂಗಳ ಸಂಬಳ ಪಡೆದ ದಿನವೇ ಧನ್ಯವಾದ ಹೇಳಿ ಹೊರಟುಬಿಡಿ.